ಕಾಣದ ತೆರೆಯ ಮಾತು: ರೇಡಿಯೊದಲ್ಲಿ ಟಿವಿ ವಿಮರ್ಶಕ

ಟಿವಿ ವಿಮರ್ಶಕ ಎಂದರೆ ಪತ್ರಿಕೆಯ ಪುರವಣಿಯಲ್ಲಿ ಕಾರ್ಯಕ್ರಮಗಳ ಗುಣದೋಷ ಬರೆಯುವವರು ಎಂಬುದು ನಮ್ಮ ಎಣಿಕೆ. ಅಮೆರಿಕದಲ್ಲಿ ಈ ಕಸುಬಿಗೆ ಇನ್ನೊಂದು ನೆಲೆಯೂ ಇದೆ, ಅದು ರೇಡಿಯೊ. ಯಾವ ಹೊಸ ಸರಣಿ ನೋಡಬಹುದು, ಯಾವುದು ನಿಂತುಹೋಯಿತು, ಯಾವ ನಿರೂಪಕನ ಕುರ್ಚಿ ಅಲುಗಾಡುತ್ತಿದೆ, ಯಾವ ಕಂಪನಿ ಯಾವ ವಾಹಿನಿಯನ್ನು ಕೊಳ್ಳುತ್ತಿದೆ ಎಂಬುದನ್ನೆಲ್ಲ ಅಲ್ಲಿನ ಕೇಳುಗರು ಕಾರು ಓಡಿಸುತ್ತಲೋ ಅಡುಗೆ ಮಾಡುತ್ತಲೋ ಒಬ್ಬ ವಿಮರ್ಶಕರ ದನಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ನೋಡುವ ಮಾಧ್ಯಮದ ಬಗ್ಗೆ ಕೇಳುವ ಮಾಧ್ಯಮದಲ್ಲಿ ತೀರ್ಪು ಕೊಡುವುದು ಮೊದಲ ನೋಟಕ್ಕೆ ವಿಚಿತ್ರ ಅನಿಸಬಹುದು. ಆದರೆ ಟಿವಿಯನ್ನು ಅಳೆಯಲು ರೇಡಿಯೊದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದೇ ಹೇಳಬೇಕು.

1987ರ ಕವಲುದಾರಿ

ಅಮೆರಿಕದ ಮಾತಿನ ರೇಡಿಯೊದಲ್ಲಿ ಎರಡು ಕುಲಗಳಿವೆ. ಒಂದು, ಜಾಹೀರಾತಿನ ಬಲದಲ್ಲಿ ನಡೆಯುವ ವಾಣಿಜ್ಯ ಟಾಕ್ ರೇಡಿಯೊ. ಇನ್ನೊಂದು, ಕೇಳುಗರ ದೇಣಿಗೆ, ಪ್ರಾಯೋಜಕರು ಮತ್ತು ಬಹುಕಾಲ ಸರ್ಕಾರದ ಅನುದಾನವನ್ನೂ ನಂಬಿಕೊಂಡಿದ್ದ ಸಾರ್ವಜನಿಕ ರೇಡಿಯೊ. ಇವೆರಡರ ಇಂದಿನ ರೂಪಕ್ಕೂ 1987ಕ್ಕೂ ನಂಟಿದೆ.

ಆ ವರ್ಷದ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಡಬ್ಲ್ಯುಎಚ್‌ವೈವೈ ಕೇಂದ್ರದ 'ಫ್ರೆಶ್ ಏರ್' ದೇಶಕ್ಕೆಲ್ಲ ಕೇಳುವ ದೈನಂದಿನ ಕಾರ್ಯಕ್ರಮವಾಯಿತು. ಟೆರಿ ಗ್ರಾಸ್ 1975ರಿಂದಲೇ ಅದನ್ನು ಸ್ಥಳೀಯವಾಗಿ ನಡೆಸಿಕೊಂಡು ಬಂದಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ, 1949ರಿಂದ ಜಾರಿಯಲ್ಲಿದ್ದ 'ಫೇರ್‌ನೆಸ್ ಡಾಕ್ಟ್ರಿನ್' ನಿಯಮವನ್ನು ಕೈಬಿಟ್ಟಿತು. ವಿವಾದದ ವಿಷಯವನ್ನು ಚರ್ಚಿಸುವಾಗ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು ಎಂಬುದು ಆ ನಿಯಮದ ತಿರುಳು. ಅದು ಹೋದ ಮರುವರ್ಷವೇ ಟಾಕ್ ರೇಡಿಯೊ ನಿರೂಪಕ ರಶ್ ಲಿಂಬಾ ದೇಶವ್ಯಾಪಿ ಪ್ರಸಾರಕ್ಕೆ ಇಳಿದರು. ಒಂದೇ ದನಿ ಗಂಟೆಗಟ್ಟಲೆ ಮಾತಾಡುವ, ಕರೆ ಮಾಡಿದವರೊಂದಿಗೆ ಜಗಳವಾಡುವ ರೇಡಿಯೊ ಬೇರೂರಿದ್ದು ಆಮೇಲೆ. ಟಿವಿ ರೇಟಿಂಗ್ ಅಳೆಯುವ ನೀಲ್ಸನ್ ಕಂಪನಿ ಮನೆಗಳಲ್ಲಿ 'ಪೀಪಲ್ ಮೀಟರ್' ಇಟ್ಟು ರಾಷ್ಟ್ರಮಟ್ಟದ ಲೆಕ್ಕ ಕೊಡತೊಡಗಿದ್ದೂ 1987ರ ಶರತ್ಕಾಲದಲ್ಲೇ. ವಿಮರ್ಶಕರಿಗೆ ಹೀಗೆ ಎರಡು ಬಗೆಯ ವೇದಿಕೆ ಸಿಕ್ಕವು, ಜೊತೆಗೆ ಮಾತಾಡಲು ದಿನವೂ ಹೊಸ ಅಂಕಿಗಳೂ ಸಿಕ್ಕವು.

ವಾಣಿಜ್ಯ ಕೇಂದ್ರಗಳಲ್ಲಿ ಗಂಟೆಯ ಪ್ರತಿ ನಿಮಿಷಕ್ಕೂ ಲೆಕ್ಕ ಉಂಟು: ಸುದ್ದಿ, ಟ್ರಾಫಿಕ್, ಜಾಹೀರಾತು, ಮತ್ತೆ ಮಾತು. ಊರಿನ ಪತ್ರಿಕೆಯ ಟಿವಿ ವಿಮರ್ಶಕರು ಫೋನಿನಲ್ಲಿ ಸೇರಿಕೊಳ್ಳುತ್ತಾರೆ, ನಿರೂಪಕರ ಜೊತೆ ಹರಟುತ್ತಾರೆ, ನಂತರ ಕೇಳುಗರ ಕರೆಗಳು ಬರುತ್ತವೆ. ಕರೆ ಮಾಡಿದವರು ಅಸಭ್ಯವಾಗಿ ಮಾತಾಡಿದರೆ ಕತ್ತರಿಸಲು ಅನುವಾಗುವಂತೆ ಪ್ರಸಾರವನ್ನು ಕೆಲವು ಸೆಕೆಂಡು ತಡಮಾಡಿಯೇ ಹೊರಬಿಡುತ್ತಾರೆ. ಸಾರ್ವಜನಿಕ ರೇಡಿಯೊದಲ್ಲಿ ವಿಮರ್ಶಕರು ಬಹುಮಟ್ಟಿಗೆ ಮೊದಲೇ ಬರೆದು ತಂದದ್ದನ್ನು ಓದುತ್ತಾರೆ. ಒಂದರಲ್ಲಿ ಚುರುಕು, ಇನ್ನೊಂದರಲ್ಲಿ ಹದ. ಎರಡೂ ಕೂಡಿ ಬರುವುದು ಅಪರೂಪ.

ಕಿವಿಗೆ ಬರೆಯುವ ಕಲೆ

ಪತ್ರಿಕೆಯ ವಿಮರ್ಶೆಯನ್ನು ಹಾಗೇ ಮೈಕಿನ ಮುಂದೆ ಓದಿದರೆ ಕೇಳುಗರು ಎರಡನೇ ವಾಕ್ಯಕ್ಕೇ ಜಾರಿಹೋಗುತ್ತಾರೆ. ಓದುಗ ಹಿಂದಿನ ಸಾಲಿಗೆ ಮರಳಬಹುದು, ಕೇಳುಗನಿಗೆ ಆ ಅನುಕೂಲವಿಲ್ಲ. ಹಾಗಾಗಿ ವಾಕ್ಯ ಗಿಡ್ಡವಾಗಬೇಕು, ಪಾತ್ರಗಳ ಹೆಸರು ಎರಡು ಮೂರಕ್ಕೆ ನಿಲ್ಲಬೇಕು, ಕಥೆಯ ಎಳೆ ಒಂದೇ ಉಸಿರಿನಲ್ಲಿ ತಿಳಿಯಬೇಕು.

ರೇಡಿಯೊ ವಿಮರ್ಶೆಯ ಜೀವ ಇರುವುದು ತುಣುಕಿನಲ್ಲಿ. ಸರಣಿಯ ಧ್ವನಿಯಿಂದ ಅರ್ಧ ನಿಮಿಷದ್ದೋ ಒಂದು ನಿಮಿಷದ್ದೋ ಒಂದು ಚೂರನ್ನು ಆರಿಸಿ ವಿಮರ್ಶೆಯ ನಡುವೆ ಕೇಳಿಸುತ್ತಾರೆ. ಈ ಆಯ್ಕೆಯಲ್ಲೇ ಅರ್ಧ ವಿಮರ್ಶೆ ಮುಗಿದಿರುತ್ತದೆ. ಆ ಚೂರು ತನ್ನಷ್ಟಕ್ಕೆ ಅರ್ಥವಾಗಬೇಕು, ಕಥೆಯ ಗುಟ್ಟು ಬಿಟ್ಟುಕೊಡಬಾರದು, ನಟನೆಯ ಮಟ್ಟವನ್ನೂ ತೋರಬೇಕು. ಅದಕ್ಕೆ ಮುನ್ನ ಯಾರು, ಎಲ್ಲಿ, ಯಾರೊಂದಿಗೆ, ಮೊದಲು ಕೇಳುವ ದನಿ ಯಾರದು ಎಂದು ಒಂದೆರಡು ಮಾತಿನಲ್ಲಿ ಹೇಳಬೇಕು. ಈ ಪೀಠಿಕೆ ತಪ್ಪಿದರೆ ಉಳಿದದ್ದು ಬರೀ ಗದ್ದಲ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ ವಿಮರ್ಶೆಗಾಗಿ ಇಂಥ ಬಳಕೆಗೆ 'ಫೇರ್ ಯೂಸ್' ಎಂಬ ಅವಕಾಶವಿದೆ. ನಮ್ಮ 1957ರ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೂ ವಿಮರ್ಶೆಗೆ ಅದೇ ಬಗೆಯ ರಿಯಾಯಿತಿ ಉಂಟು.

ಈ ಪದ್ಧತಿಯಲ್ಲಿ ಒಂದು ಪಕ್ಷಪಾತ ತಾನೇ ತಾನಾಗಿ ನುಸುಳುತ್ತದೆ. ಮಾತೇ ಬಂಡವಾಳವಾದ ಸರಣಿಗಳು ರೇಡಿಯೊದಲ್ಲಿ ಗೆಲ್ಲುತ್ತವೆ. ಆರನ್ ಸಾರ್ಕಿನ್ ರೂಪಿಸಿದ 'ದ ವೆಸ್ಟ್ ವಿಂಗ್' (1999–2006) ಸರಣಿಯ ಯಾವ ದೃಶ್ಯವನ್ನೇ ಎತ್ತಿಕೊಂಡರೂ ಕಿವಿಗೆ ಹಬ್ಬ. ಮರುಭೂಮಿಯ ಬಿಸಿಲನ್ನೂ ಮೌನವನ್ನೂ ಪಾತ್ರಗಳಂತೆ ದುಡಿಸಿಕೊಂಡ 'ಬ್ರೇಕಿಂಗ್ ಬ್ಯಾಡ್' (2008–2013) ಬಗ್ಗೆ ಹೇಳಬೇಕಾದಾಗ ವಿಮರ್ಶಕರು ವರ್ಣನೆಯನ್ನೇ ನೆಚ್ಚಬೇಕು. 1999ರ ಡಿಸೆಂಬರ್‌ನಲ್ಲಿ ಬಂದ 'ಬಫಿ ದ ವ್ಯಾಂಪೈರ್ ಸ್ಲೇಯರ್' ಸರಣಿಯ 'ಹಷ್' ಸಂಚಿಕೆಯಂತೂ ಇನ್ನೂ ಬಿಗಿಯಾದ ಒಗಟು: ಇಡೀ ಊರಿನ ದನಿ ಕಳುವಾಗಿ, ದೊಡ್ಡ ಪಾಲು ಸಂಭಾಷಣೆಯೇ ಇಲ್ಲದೆ ನಡೆಯುವ ಕಥೆ ಅದು. ಅದರಿಂದ ಯಾವ ತುಣುಕನ್ನು ಕೇಳಿಸುವುದು?

'ದ ಸೊಪ್ರಾನೋಸ್' ಸರಣಿ ಮುಗಿದದ್ದು 2007ರ ಜೂನ್ 10ರಂದು. ಹೋಟೆಲಿನಲ್ಲಿ ಕೂತ ಕಥಾನಾಯಕ ಟೋನಿ ತಲೆ ಎತ್ತುತ್ತಾನೆ, ಹಿನ್ನೆಲೆಯ ಹಾಡು ನಡುವೆಯೇ ತುಂಡಾಗುತ್ತದೆ, ಪರದೆ ಕಪ್ಪಾಗುತ್ತದೆ, ಸುಮಾರು ಹತ್ತು ಸೆಕೆಂಡು ಏನೂ ಇಲ್ಲ. ಕೇಬಲ್ ಕೆಟ್ಟಿತೆಂದು ಎಷ್ಟೋ ಜನ ರಿಮೋಟ್ ಹುಡುಕಿದರು. ರೇಡಿಯೊದಲ್ಲಿ ಹತ್ತು ಸೆಕೆಂಡು ಮೌನವೆಂದರೆ ಅಪಘಾತವೇ. ದನಿ ನಿಂತರೆ ಎಚ್ಚರಿಸುವ ಯಂತ್ರಗಳನ್ನೇ ಕೇಂದ್ರಗಳು ಇಟ್ಟುಕೊಂಡಿರುತ್ತವೆ. ಟಿವಿಯ ಅತಿ ಚರ್ಚಿತ ಮುಕ್ತಾಯಗಳಲ್ಲೊಂದನ್ನು ರೇಡಿಯೊ ಇದ್ದಹಾಗೆ ಕೇಳಿಸಲಾರದು, ಆದರೆ ಅದರ ಬಗ್ಗೆ ದಿನಗಟ್ಟಲೆ ಮಾತಾಡಬಲ್ಲದು.

ಇದಕ್ಕೆ ತಿರುಗುಬಾಣವೂ ಉಂಟು. ಚಿತ್ರ ತೆಗೆದುಬಿಟ್ಟಾಗ ಟಿವಿಯ ಕೆಲವು ಕಪಟ ಬಯಲಾಗುತ್ತವೆ. ಹಾಸ್ಯ ಸರಣಿಯ ಪೂರ್ವಮುದ್ರಿತ ನಗು ಪರದೆಯ ಮುಂದೆ ಕೂತಾಗ ಗಮನಕ್ಕೇ ಬರುವುದಿಲ್ಲ. ಬರೀ ಧ್ವನಿಯಾಗಿ ಕೇಳಿದರೆ ಆ ಹಾಸ್ಯ ಎಷ್ಟು ಬಡವೆಂಬುದು ಬೆತ್ತಲಾಗುತ್ತದೆ. ಸುದ್ದಿ ವಾಹಿನಿಯ ಚರ್ಚೆಗಳಿಗೂ ಇದೇ ಪರೀಕ್ಷೆ ಒಡ್ಡಿ ನೋಡಬಹುದು. ಅಬ್ಬರದ ಸಂಗೀತ, ಒಬ್ಬರ ಮೇಲೊಬ್ಬರು ಬೀಳುವ ದನಿಗಳು, ನಡುವೆ ವಾದ ಎಷ್ಟಿದೆ ಎಂಬುದು ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಡೇವಿಡ್ ಬಿಯಾಂಕುಲಿ ಎಂಬ ಮಾದರಿ

ಈ ಕಸುಬಿನ ದೀರ್ಘ ಉದಾಹರಣೆ ಡೇವಿಡ್ ಬಿಯಾಂಕುಲಿ. 1975ರಿಂದ ಟಿವಿ ವಿಮರ್ಶೆ ಬರೆಯುತ್ತ ಬಂದ ಇವರು, 'ಫ್ರೆಶ್ ಏರ್' ರಾಷ್ಟ್ರೀಯ ದೈನಿಕವಾದಂದಿನಿಂದ ಅದರ ಟಿವಿ ವಿಮರ್ಶಕರು. 1993ರಿಂದ 2007ರವರೆಗೆ 'ನ್ಯೂಯಾರ್ಕ್ ಡೈಲಿ ನ್ಯೂಸ್' ಪತ್ರಿಕೆಯಲ್ಲಿದ್ದರು. ನ್ಯೂಜೆರ್ಸಿಯ ರೋವನ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡಿದರು, ಗ್ರಾಸ್ ಇಲ್ಲದ ದಿನ ಕಾರ್ಯಕ್ರಮವನ್ನೂ ನಡೆಸಿಕೊಟ್ಟರು.

ಟಿವಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು 1992ರ 'ಟೆಲಿಲಿಟರಸಿ' ಪುಸ್ತಕದಲ್ಲಿ ಅವರು ಮಂಡಿಸಿದ ವಾದ. ಎಫ್‌ಸಿಸಿ ಅಧ್ಯಕ್ಷ ನ್ಯೂಟನ್ ಮಿನೋ 1961ರಲ್ಲಿ ಟಿವಿಯನ್ನು ವಿಶಾಲ ಬಂಜರು ಎಂದು ಜರೆದ ಮೇಲೆ ಓದುಬರಹ ಬಲ್ಲವರು ಟಿವಿಯನ್ನು ಹೀಯಾಳಿಸುವುದೇ ರೂಢಿಯಾಗಿದ್ದ ದೇಶದಲ್ಲಿ ಈ ಮಾತಿಗೆ ಬೆಲೆಯಿತ್ತು. 2009ರಲ್ಲಿ ಬಿಯಾಂಕುಲಿ ಸ್ಮದರ್ಸ್ ಸಹೋದರರ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಸಿಬಿಎಸ್ ವಾಹಿನಿಯಲ್ಲಿ 1967ರಿಂದ ಬರುತ್ತಿದ್ದ ಈ ಸಹೋದರರ ಹಾಸ್ಯ ಕಾರ್ಯಕ್ರಮ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೆನ್ಸಾರಿನೊಂದಿಗೆ ಸೆಣಸಿ, 1969ರಲ್ಲಿ ವಾಹಿನಿಯಿಂದಲೇ ಹೊರದೂಡಿಸಿಕೊಂಡಿತ್ತು.

ಈ ಇತಿಹಾಸ ಇಂದಿನ ಸುದ್ದಿಗೆ ಹೇಗೆ ಒದಗುತ್ತದೆಂದು ನೋಡಿ. 2025ರ ಜುಲೈನಲ್ಲಿ ಅದೇ ಸಿಬಿಎಸ್, ಸ್ಟೀಫನ್ ಕೋಲ್ಬೇರ್ ನಡೆಸುತ್ತಿದ್ದ 'ದ ಲೇಟ್ ಶೋ' ಮುಂದಿನ ಮೇ ತಿಂಗಳಿಗೆ ಮುಗಿಯಲಿದೆ ಎಂದು ಪ್ರಕಟಿಸಿತು. ಇದು ಬರೀ ಹಣಕಾಸಿನ ತೀರ್ಮಾನ ಎಂದಿತು ವಾಹಿನಿ. ಮಾತೃಸಂಸ್ಥೆ ಪ್ಯಾರಾಮೌಂಟ್, ಅಮೆರಿಕದ ಅಧ್ಯಕ್ಷ ಟ್ರಂಪ್ ಅವರೊಂದಿಗಿನ ಮೊಕದ್ದಮೆಯನ್ನು 1.6 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡದ್ದನ್ನು ಕೋಲ್ಬೇರ್ ಅದೇ ವಾರ ಲೇವಡಿ ಮಾಡಿದ್ದರು. ಕಂಪನಿಯ ವಿಲೀನಕ್ಕೆ ಸರ್ಕಾರದ ಒಪ್ಪಿಗೆಯೂ ಬಾಕಿಯಿತ್ತು. ಬರೀ ಸುದ್ದಿ ಓದುವವರಿಗೆ ಇವು ಬಿಡಿ ಸಂಗತಿಗಳು. 1969 ನೆನಪಿದ್ದವರಿಗೆ ಹಾಗಲ್ಲ. ಎರಡು ಪ್ರಸಂಗಗಳೂ ಒಂದೇ ಎಂದು ಯಾರೂ ಹೇಳಬೇಕಿಲ್ಲ. ಕೇಳುಗ ಯಾವ ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದಾದರೂ ಹೊಳೆಯುತ್ತದೆ. ಮಾಧ್ಯಮ ಸುದ್ದಿಗೆ ವರದಿಗಾರ ಸಾಲದೆ ವಿಮರ್ಶಕ ಬೇಕಾಗುವುದು ಈ ನೆನಪಿಗಾಗಿಯೇ.

ಎರಿಕ್ ಡೆಗ್ಗನ್ಸ್ ಅವರದು ಇನ್ನೊಂದು ಹಾದಿ. ಫ್ಲಾರಿಡಾದ ಪತ್ರಿಕೆಯೊಂದರಿಂದ ಬಂದ ಅವರು 2013ರಲ್ಲಿ ಸಾರ್ವಜನಿಕ ರೇಡಿಯೊ ಜಾಲವಾದ ಎನ್‌ಪಿಆರ್‌ನ ಮೊದಲ ಪೂರ್ಣಾವಧಿ ಟಿವಿ ವಿಮರ್ಶಕರಾದರು. ('ಫ್ರೆಶ್ ಏರ್' ಹಂಚುವುದು ಎನ್‌ಪಿಆರ್ ಆದರೂ ತಯಾರಿಸುವುದು ಫಿಲಡೆಲ್ಫಿಯಾದ ಕೇಂದ್ರ, ಹಾಗಾಗಿ ಬಿಯಾಂಕುಲಿ ಈ ಲೆಕ್ಕದಲ್ಲಿ ಬರುವುದಿಲ್ಲ.) ಮಾಧ್ಯಮಗಳು ಜನಾಂಗದ ಹೆಸರಿನಲ್ಲಿ ಜನರನ್ನು ಹೇಗೆ ಕೆರಳಿಸುತ್ತವೆ ಎಂಬ ಬಗ್ಗೆ ಅದಕ್ಕೂ ಮೊದಲೇ ಪುಸ್ತಕ ಬರೆದಿದ್ದವರು. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಟಾಮ್ ಶೇಲ್ಸ್ ಅವರ ಕಥೆ ಮಾತ್ರ ತಮಾಷೆಯದು. ಟಿವಿ ವಿಮರ್ಶೆಗೆ 1988ರಲ್ಲಿ ಪುಲಿಟ್ಜರ್ ಪಡೆದ ಅವರನ್ನು ರೇಡಿಯೊ ಮಾತಾಡಿಸಿದ್ದು ಸಿನಿಮಾಗಳ ಬಗ್ಗೆ!

ಮುಂಗಡ ಪ್ರತಿ, ಪ್ರೆಸ್ ಟೂರ್

ಸರಣಿ ಪ್ರಸಾರವಾಗುವ ಮುನ್ನವೇ ವಿಮರ್ಶಕರಿಗೆ ಸಂಚಿಕೆಗಳು ಸಿಗುತ್ತವೆ. ಮೊದಲು ಟೇಪು, ಆಮೇಲೆ ಡಿವಿಡಿ, ಈಗ ಪಾಸ್‌ವರ್ಡ್ ಹಾಕಿದ ಲಿಂಕ್. ಜೊತೆಗೆ ಇಂಥ ದಿನದವರೆಗೆ ಬಾಯಿಬಿಡಬಾರದೆಂಬ ಕರಾರು. 1978ರಲ್ಲಿ ಹುಟ್ಟಿದ ಟೆಲಿವಿಷನ್ ಕ್ರಿಟಿಕ್ಸ್ ಅಸೋಸಿಯೇಷನ್ನಿನ ಸದಸ್ಯರು ವರ್ಷಕ್ಕೆರಡು ಸಲ ಲಾಸ್ ಏಂಜಲೀಸ್ ಸುತ್ತಿನ ಹೋಟೆಲುಗಳಲ್ಲಿ ಸೇರಿ ವಾಹಿನಿಗಳ ಮುಖ್ಯಸ್ಥರನ್ನೂ ನಟರನ್ನೂ ಪ್ರಶ್ನಿಸುವ 'ಪ್ರೆಸ್ ಟೂರ್' ವಾಡಿಕೆಯಾಯಿತು. 2015ರ ಅಂಥ ಕೂಟವೊಂದರಲ್ಲೇ ಎಫ್‌ಎಕ್ಸ್ ವಾಹಿನಿಯ ಜಾನ್ ಲ್ಯಾಂಡ್‌ಗ್ರಾಫ್ ಸರಣಿಗಳು ಮಿತಿಮೀರಿ ಬರುತ್ತಿವೆಯೆಂದು ಎಚ್ಚರಿಸಿ 'ಪೀಕ್ ಟಿವಿ' ಎಂಬ ಮಾತನ್ನು ಚಲಾವಣೆಗೆ ತಂದರು. ಅವರ ವಾಹಿನಿಯ ಲೆಕ್ಕದಂತೆಯೇ 2022ರಲ್ಲಿ ಅಮೆರಿಕದ ಕಥಾ ಸರಣಿಗಳ ಸಂಖ್ಯೆ 599 ಮುಟ್ಟಿತು.

ಅಷ್ಟನ್ನೂ ಯಾರು ನೋಡಿಯಾರು? ರೇಡಿಯೊ ವಿಮರ್ಶಕರ ಕೆಲಸ ಇಲ್ಲೇ ಬದಲಾದದ್ದು. ನೆಟ್‌ಫ್ಲಿಕ್ಸ್ 2013ರ ಫೆಬ್ರುವರಿಯಲ್ಲಿ 'ಹೌಸ್ ಆಫ್ ಕಾರ್ಡ್ಸ್' ಸರಣಿಯ 13 ಸಂಚಿಕೆಗಳನ್ನು ಒಮ್ಮೆಗೇ ಬಿಟ್ಟ ಮೇಲೆ, ನಿನ್ನೆ ರಾತ್ರಿ ಎಲ್ಲರೂ ನೋಡಿದ್ದು ಎಂಬುದೇ ಕರಗತೊಡಗಿತು. ಟಾಕ್ ರೇಡಿಯೊಗೆ ಕರೆ ಮಾಡುವವರು ಒಬ್ಬೊಬ್ಬರೂ ಒಂದೊಂದು ಸಂಚಿಕೆಯಲ್ಲಿದ್ದರೆ ಜಗಳವಾದರೂ ಹೇಗೆ ಹತ್ತೀತು! ಹಾಗಾಗಿ ಸಂಚಿಕೆಯ ಚರ್ಚೆ ಹಿಂದೆ ಸರಿದು, ಯಾವುದನ್ನು ನೋಡಬೇಕು ಎಂಬ ಸಲಹೆ ಮತ್ತು ಉದ್ಯಮದ ಸುದ್ದಿ ಮುಂದೆ ಬಂದವು. 2023ರಲ್ಲಿ ಬರಹಗಾರರ ಸಂಘ 148 ದಿನ ಮುಷ್ಕರ ಹೂಡಿದಾಗ, ಸ್ಟ್ರೀಮಿಂಗ್ ಸಂಭಾವನೆ ಎಂದರೇನು, ಎಐ ಬಗ್ಗೆ ಲೇಖಕರಿಗೇಕೆ ಭಯ ಎಂಬಂಥ ಪ್ರಶ್ನೆಗಳು ಸಹಜವಾಗಿಯೇ ವಿಮರ್ಶಕರ ಪಾಲಿಗೆ ಬಂದವು.

ಒಡೆತನದ ಮುಜುಗರ

1996ರ ದೂರಸಂಪರ್ಕ ಕಾಯ್ದೆ ಒಂದು ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರ ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಅಲ್ಲಿಯವರೆಗೆ 40 ಇದ್ದ ಮಿತಿ ಹೋಗಿ, ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯೊಂದರ ಬಳಿಯೇ 1,200ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಸಿಬಿಎಸ್ ತನ್ನ ರೇಡಿಯೊ ಜಾಲವನ್ನು 2017ರಲ್ಲಿ ಬಿಟ್ಟುಕೊಡುವವರೆಗೆ ಟಿವಿ ವಾಹಿನಿಯೂ ಅದರ ಬಗ್ಗೆ ಮಾತಾಡುವ ರೇಡಿಯೊವೂ ಒಂದೇ ಮನೆಯವು. ಅಂಥಲ್ಲಿ ಹೊರಗಿನ ಪತ್ರಿಕೆಯ ವಿಮರ್ಶಕರನ್ನು ಕರೆಸುವುದಕ್ಕೆ ಅರ್ಥವಿತ್ತು. ಪತ್ರಿಕೆಗಳು ಒಂದೊಂದಾಗಿ ಆ ಹುದ್ದೆಯನ್ನೇ ಕಿತ್ತುಹಾಕಿದ ಮೇಲೆ ಕರೆಯಲು ಜನವೂ ಕಡಿಮೆಯಾದರು. ಸಾರ್ವಜನಿಕ ರೇಡಿಯೊಗೂ 2025ರಲ್ಲಿ ಪೆಟ್ಟು ಬಿತ್ತು: ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಹಿಂಪಡೆಯಿತು.

ಕನ್ನಡದಲ್ಲಿ ಈ ಕುರ್ಚಿ ಏಕಿಲ್ಲ

2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ಬೆಂಗಳೂರಿನಲ್ಲೇ. ಆದರೆ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನದ ಚರ್ಚೆ ನಿಷಿದ್ಧ. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡುವ ಅವಕಾಶವಷ್ಟೇ ಉಂಟು. ಹಾಗಾಗಿ ವಾಹಿನಿಗಳ ಜಗಳ, ಮಾರಾಟ, ಟಿಆರ್‌ಪಿ ಹಗರಣಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ರೇಡಿಯೊ ಇಲ್ಲಿ ಹುಟ್ಟಲೇ ಇಲ್ಲ. ಆಕಾಶವಾಣಿಗೆ ಆ ಸ್ವಾತಂತ್ರ್ಯವಿದೆ, ಆದರೆ ದೂರದರ್ಶನವೂ ಅದೂ ಪ್ರಸಾರ ಭಾರತಿಯ ಮಕ್ಕಳು.

ಸರಕಿನ ಸ್ವಭಾವವೂ ಬೇರೆ. ವರ್ಷಕ್ಕೆ ಹತ್ತು ಹದಿಮೂರು ಸಂಚಿಕೆ ಬರುವ ಸರಣಿಯನ್ನು ನೋಡಿ ಮುಗಿಸಿ ತೀರ್ಪು ಕೊಡಬಹುದು. ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ಹರಿಯುವ ಕನ್ನಡ ಧಾರಾವಾಹಿಗೆ ಎಲ್ಲಿ ನಿಂತು ವಿಮರ್ಶೆ ಬರೆಯುವುದು? ಆದರೂ ಸಾಮಗ್ರಿಯೇ ಇಲ್ಲವೆನ್ನಲಾಗದು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳು ಪೂರ್ತಿ ಮಾತಿನ ಮೇಲೆ ನಿಂತಂಥವು. ಚಿತ್ರವಿಲ್ಲದೆ ಕೇಳಿಸಿದರೂ ಅವುಗಳ ವಾದಸರಣಿ ಹಿಡಿದು ಕೂರಿಸುತ್ತದೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ಆಗುಂಬೆಯಲ್ಲಿ ಚಿತ್ರಿತವಾದದ್ದು, ಎಲ್. ವೈದ್ಯನಾಥನ್ ಅದಕ್ಕೆ ಕೊಟ್ಟ ಶೀರ್ಷಿಕೆ ಸಂಗೀತವನ್ನು ಆ ತಲೆಮಾರಿನವರು ಎರಡೇ ಸೆಕೆಂಡಿನಲ್ಲಿ ಗುರುತಿಸುತ್ತಾರೆ. ಈಗ ಪಾಡ್‌ಕಾಸ್ಟಿಗೆ ಪರವಾನಗಿಯೂ ಬೇಡ, ಸುದ್ದಿಯ ನಿಷೇಧವೂ ಇಲ್ಲ. ಕನ್ನಡದಲ್ಲಿ ಸಿನಿಮಾ ಹರಟೆಯ ಪಾಡ್‌ಕಾಸ್ಟ್‌ಗಳಿಗೆ ಬರವಿಲ್ಲದಿರುವಾಗ, ವಾರಕ್ಕೊಮ್ಮೆ ಐದಾರು ವಾಹಿನಿಗಳನ್ನು ಕೇಳಿ, ತುಣುಕು ಆರಿಸಿ, ಯಾರ ಹಂಗೂ ಇಲ್ಲದೆ ಹತ್ತು ನಿಮಿಷ ಮಾತಾಡಬಲ್ಲ ಟಿವಿ ವಿಮರ್ಶಕರಿಗೆ ಜಾಗವಂತೂ ಇದೆ.