ಗೂಢಚಾರನೂ ಗುಮಾನಿಯೂ

ಗೋಡೆಗೂ ಕಿವಿಯುಂಟು ಎಂಬ ಮಾತನ್ನು ನೀವೆಲ್ಲ ಬಲ್ಲಿರಿ. ವಠಾರದಲ್ಲಿ ಬಾಳಿದವರಿಗೆ ಅದು ಗಾದೆಯಲ್ಲ, ನಿತ್ಯದ ಅನುಭವ. ಬೆಂಗಳೂರಿನ ಪಶ್ಚಿಮಕ್ಕೆ, ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿರುವ ಹೆಗ್ಗನಹಳ್ಳಿಯನ್ನೇ ತೆಗೆದುಕೊಳ್ಳಿ. ಒತ್ತಾಗಿ ಕಟ್ಟಿದ ಬಾಡಿಗೆ ಮನೆಗಳಲ್ಲಿ, ಆಚೆ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂಬುದು ಈಚೆ ಮನೆಯವರಿಗೆ ಗೊತ್ತು. ಗುಟ್ಟಿನ ಮಾತಿಗೆ ದನಿ ತಗ್ಗಿಸುವುದು ಅಲ್ಲಿ ಯಾರೂ ಹೇಳಿಕೊಡದೆ ಬರುವ ವಿದ್ಯೆ. ಆದರೆ ಈಗ ದನಿ ತಗ್ಗಿಸಿದರೂ ಸಮಾಧಾನವಿಲ್ಲ. ಪಕ್ಕದಲ್ಲಿಟ್ಟ ಮೊಬೈಲು ಕೇಳಿಸಿಕೊಳ್ಳುತ್ತಿದೆಯೋ ಏನೋ! ಬ್ಯಾಟರಿ ಬೇಗ ಇಳಿಯಿತು; ಫೋನು ಸುಮ್ಮನೆ ಬಿಸಿಯಾಯಿತು; ಮನೆಯಲ್ಲಿ ನಿನ್ನೆ ಆಡಿದ ಮಾತು ಇಂದು ನೆಂಟರ ಬಾಯಲ್ಲಿ ಬಂತು. ಗುಮಾನಿ ಹೆಡೆಯೆತ್ತಲು ಇಷ್ಟು ಸಾಕು.

ನೀವು ರೇಡಿಯೋ ಇಟ್ಟುಕೊಂಡವರು. ಮನೆಯ ಆ ಪೆಟ್ಟಿಗೆ ತಾನು ಮಾತನಾಡುತ್ತದೆಯೆ ಹೊರತು ನಿಮ್ಮ ಮಾತನ್ನು ಕೇಳಿಸಿಕೊಳ್ಳದು. ಟೆಲಿಫೋನಿನ ಜಾಯಮಾನ ಬೇರೆ; ಅದಕ್ಕೆ ಬಾಯಿಯೂ ಉಂಟು, ಕಿವಿಯೂ ಉಂಟು. ಇಂದಿನ ಮೊಬೈಲಿಗಂತೂ ಕಣ್ಣೂ ಉಂಟು. ಆದ್ದರಿಂದ ಈ ಗುಮಾನಿಯನ್ನು ಹುಚ್ಚೆಂದು ನಕ್ಕುಬಿಡುವಂತಿಲ್ಲ. ಹಾಗೆಂದು ದೆವ್ವದಂತೆ ಬೆಳೆಯಗೊಡುವಂತೆಯೂ ಇಲ್ಲ. ಅದನ್ನು ಎದುರಿಸುವ ಬಗೆಯೇನು? ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದಕ್ಕೊಂದು ಉತ್ತರವಿದೆ.

ಮೊದಲು ಮೈಸೂರಿಗೆ ಹೋಗೋಣ. ೧೯೦೫ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಯೋಲೆಯ ಕಟ್ಟನ್ನು ಒಪ್ಪಿಸಿದರು. ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ೧೯೦೯ರಲ್ಲಿ ಅಚ್ಚುಮಾಡಿ ಲೋಕಕ್ಕೆ ಕೊಟ್ಟರು. ಆ ಗ್ರಂಥದಲ್ಲಿ ಗೂಢಪುರುಷರ ಪ್ರಕರಣ ವಿಸ್ತಾರವಾಗಿದೆ. ಗೂಢಚಾರನು ಗೂಢಚಾರನಂತೆ ಬರುವುದಿಲ್ಲ. ವಿದ್ಯಾರ್ಥಿಯಾಗಿ, ಗೃಹಸ್ಥನಾಗಿ, ವ್ಯಾಪಾರಿಯಾಗಿ, ತಪಸ್ವಿಯಾಗಿ ಬರುತ್ತಾನೆ. ಇದು ಮೊದಲ ಪಾಠ. ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಒಬ್ಬ ಚಾರ ತಂದ ಸುದ್ದಿಯನ್ನು ರಾಜನು ನಂಬಬಾರದು. ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದಾದರೆ ಆಗ ನಂಬಬೇಕು. ಬೇಹುಗಾರಿಕೆಯ ಶಾಸ್ತ್ರವನ್ನೇ ಬರೆದವನು ಗುಮಾನಿಗೆ ಹಾಕಿದ ಕಡಿವಾಣವಿದು. ನೆನಪಿನಲ್ಲಿಡಿ, ಮತ್ತೆ ಇದರ ಬಳಿಗೆ ಬರುತ್ತೇವೆ.

ಬ್ರಿಟಿಷರ ಕಾಲಕ್ಕೆ ಸುದ್ದಿ ತಂತಿಯ ಮೇಲೆ ಹರಿಯತೊಡಗಿತು. ೧೮೮೫ರ ತಂತಿ ಕಾಯಿದೆಯ ೫ನೆಯ ವಿಧಿ, ತುರ್ತುಪರಿಸ್ಥಿತಿಯಲ್ಲಿಯೋ ಸಾರ್ವಜನಿಕರ ಸುರಕ್ಷತೆಗಾಗಿಯೋ ತಂತಿಯ ಸುದ್ದಿಯನ್ನು ನಡುವೆ ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಟೆಲಿಫೋನಿಗೂ ಅದೇ ಕಾಯಿದೆ ನಡೆಯಿತು. ಆದರೆ ಯಾರು ಯಾರ ಮಾತನ್ನು ಎಷ್ಟು ದಿನ ಕೇಳಬಹುದು, ಕೇಳಿದ್ದು ಸರಿಯೋ ತಪ್ಪೋ ಎಂದು ನೋಡುವವರಾರು ಎಂಬುದಕ್ಕೆ ಬಿಗಿಯಾದ ನಿಯಮವಿರಲಿಲ್ಲ.

ಇದರ ಬಿಸಿ ಕರ್ನಾಟಕಕ್ಕೆ ತಟ್ಟಿದ್ದು ೧೯೮೮ರಲ್ಲಿ. ರಾಜಕಾರಣಿಗಳ ಟೆಲಿಫೋನುಗಳನ್ನು ಪೋಲೀಸರ ಮೂಲಕ ಕದ್ದು ಕೇಳಿಸಲಾಗಿದೆಯೆಂಬ ಆರೋಪ ಎದ್ದಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ತಾವು ಅಂಥ ಅಪ್ಪಣೆ ಕೊಟ್ಟಿಲ್ಲವೆಂದರು. ಆದರೂ ನೈತಿಕ ಹೊಣೆ ಹೊತ್ತು ಆಗಸ್ಟ್ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಕದ್ದು ಕೇಳಿದ ಮಾತಿನ ಭಾರಕ್ಕೆ ವಿಧಾನಸೌಧದ ಗದ್ದುಗೆಯೇ ಅಲುಗಿತೆಂದಮೇಲೆ, ಇದು ಹರಟೆಯ ವಿಷಯವಲ್ಲವೆಂದು ನಾಡಿಗೆ ಮನವರಿಕೆಯಾಯಿತು.

ಎಂಟು ವರ್ಷಗಳ ತರುವಾಯ, ೧೯೯೬ರ ಡಿಸೆಂಬರ್ ೧೮ರಂದು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಟೆಲಿಫೋನು ಕದ್ದಾಲಿಸಲು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು. ಅದು ಎರಡು ತಿಂಗಳು ಮಾತ್ರ ನಡೆಯುತ್ತದೆ. ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಕೂಡದು. ಪ್ರತಿಯೊಂದು ಆಜ್ಞೆಯನ್ನೂ ಒಂದು ಸಮಿತಿ ಪರಿಶೀಲಿಸಬೇಕು. ಒಬ್ಬ ಅಧಿಕಾರಿಯ ಗುಮಾನಿ ಸಾಲದು, ಬರಹದ ಆಜ್ಞೆ ಬೇಕು, ಮೇಲೊಂದು ಕಣ್ಣು ಬೇಕು ಎಂದಂತಾಯಿತು.

ಇನ್ನೊಂದು ಹೆಜ್ಜೆಯನ್ನು ಇಡಿಸಿದವರು ನಮ್ಮ ಬೆಂಗಳೂರಿನ ಹಿರಿಯರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ನಡುವೆ, ೨೦೧೭ರ ಆಗಸ್ಟ್ ೨೪ರಂದು, ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಸಾರಿತು: ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ತೀರ್ಪು ಅವರ ಹೆಸರಿನಲ್ಲಿಯೇ ಉಳಿದಿದೆ.

ಅಷ್ಟರಲ್ಲಿ ಕಳ್ಳನು ದಾರಿಯನ್ನೇ ಬದಲಿಸಿದ್ದ. ಹಿಂದೆ ಕದ್ದು ಕೇಳಬೇಕಾದರೆ ತಂತಿಯ ಬಳಿಗೋ ಎಕ್ಸ್‌ಚೇಂಜಿಗೋ ಹೋಗಬೇಕಾಗಿತ್ತು. ಈಗ ಕುತಂತ್ರಾಂಶವು ಫೋನಿನ ಒಳಕ್ಕೇ ನುಗ್ಗುತ್ತದೆ. ೨೦೧೯ರಲ್ಲಿ ವಾಟ್ಸಾಪ್ ಕಂಪನಿ ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ಸುಮಾರು ೧,೪೦೦ ಫೋನುಗಳಿಗೆ ಒಂದು ಕರೆಯ ಮೂಲಕ ಪೆಗಾಸಸ್ ಎಂಬ ಕುತಂತ್ರಾಂಶವನ್ನು ಕಳಿಸಲಾಗಿತ್ತೆಂದೂ ಕರೆಯನ್ನು ಎತ್ತಿಕೊಳ್ಳುವ ಅಗತ್ಯವೂ ಇರಲಿಲ್ಲವೆಂದೂ ಆರೋಪ. ಅದೇ ವರ್ಷ ಕರ್ನಾಟಕದಲ್ಲಿ ಸಮ್ಮಿಶ್ರ ಸರ್ಕಾರ ಉರುಳಿತು. ೨೦೨೧ರ ಜುಲೈನಲ್ಲಿ ಪತ್ರಿಕೆಗಳು ಬಯಲಿಗಿಟ್ಟ ಪಟ್ಟಿಯಲ್ಲಿ ಆಗಿನ ಉಪಮುಖ್ಯಮಂತ್ರಿಗಳ ನಂಬರೂ, ಮುಖ್ಯಮಂತ್ರಿ ಹಾಗೂ ಮಾಜಿ ಮುಖ್ಯಮಂತ್ರಿಯೊಬ್ಬರ ಆಪ್ತ ಕಾರ್ಯದರ್ಶಿಗಳ ನಂಬರುಗಳೂ ಕಾಣಿಸಿಕೊಂಡವು. ಪಟ್ಟಿಯಲ್ಲಿ ನಂಬರು ಇದ್ದಮಾತ್ರಕ್ಕೆ ಫೋನಿನೊಳಗೆ ಗೂಢಚಾರ ಹೊಕ್ಕಿದ್ದನೆಂದು ಹೇಳಲಾಗದು. ಅದಕ್ಕೆ ಪರೀಕ್ಷೆಯೇ ಆಗಬೇಕು.

ಪರೀಕ್ಷೆ ಆಯಿತು. ಅದೇ ವರ್ಷದ ಅಕ್ಟೋಬರ್ ೨೭ರಂದು ಸುಪ್ರೀಂ ಕೋರ್ಟು ತಜ್ಞರ ಸಮಿತಿಯನ್ನು ನೇಮಿಸಿತು. ಮೇಲ್ವಿಚಾರಣೆಯನ್ನು ಕರ್ನಾಟಕ ಹೈಕೋರ್ಟಿನಲ್ಲಿಯೂ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರಿಗೆ ವಹಿಸಿತು. ೨೦೨೨ರ ಆಗಸ್ಟಿನಲ್ಲಿ ಫಲ ತಿಳಿಯಿತು. ಪರೀಕ್ಷಿಸಿದ ಫೋನುಗಳು ೨೯. ಐದರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿರುವುದನ್ನೂ ಕೋರ್ಟು ತಿಳಿಸಿತು. ಗುಮಾನಿಯಿಂದ ತಂದ ೨೯ ಫೋನುಗಳಲ್ಲಿ ಐದರಲ್ಲಿ ನಿಜವಾಗಿಯೂ ಹುಳುಕು, ಉಳಿದವುಗಳಲ್ಲಿ ಏನೂ ಸಿಗಲಿಲ್ಲ. ಗುಮಾನಿ ಪೂರ್ತಿ ಸುಳ್ಳೂ ಆಗಲಿಲ್ಲ, ಪೂರ್ತಿ ನಿಜವೂ ಆಗಲಿಲ್ಲ.

ಈಗ ಮನೆಗೆ ಬರೋಣ. ಪೆಗಾಸಸ್ ದುಬಾರಿ ಅಸ್ತ್ರ. ಸಾಮಾನ್ಯ ಗೃಹಸ್ಥನ ಮೇಲೆ ಅದನ್ನು ಬಿಡುವವರು ವಿರಳ. ನಮ್ಮ ಬಾಗಿಲಿಗೆ ಬರುವವನು ಕೌಟಿಲ್ಯನು ಹೇಳಿದ ವೇಷಧಾರಿ: ಮದುವೆಯ ಕರೆಯೋಲೆಯ ವೇಷ, ಟ್ರಾಫಿಕ್ ದಂಡದ ವೇಷ, ಬ್ಯಾಂಕಿನ ವೇಷ. ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತವನ್ನು ಒತ್ತಿ ಒಪ್ಪಿಗೆ ಕೊಟ್ಟರೆ ಬಾಗಿಲು ತೆರೆದಂತೆಯೇ. ಇಲ್ಲವೆ, ಫೋನು ಕೈಗೆ ಸಿಕ್ಕಾಗ ಪರಿಚಿತರೇ ಏನನ್ನಾದರೂ ಹಾಕಿರಬಹುದು.

ಗುಮಾನಿ ಬಂದಾಗ ಮೂವರು ಸಾಕ್ಷಿಗಳನ್ನು ಕರೆಯಿರಿ. ಮೊದಲನೆಯದು ಫೋನಿನ ನಡತೆ. ಆದರೆ ಹಳೆಯ ಬ್ಯಾಟರಿಯೂ ಬೇಗ ಇಳಿಯುತ್ತದೆ, ಬಿಸಿಲಿಗೂ ಫೋನು ಕಾಯುತ್ತದೆ. ಎರಡನೆಯದು ಫೋನಿನೊಳಗಿನ ಪಟ್ಟಿ: ನೀವು ಹಾಕದ ಆ್ಯಪ್ ಇದೆಯೆ? ಮೈಕು, ಕ್ಯಾಮೆರಾಗಳ ಅನುಮತಿ ಯಾರಿಗಿದೆ? ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಎಂಬಲ್ಲಿ ನಿಮ್ಮದಲ್ಲದ ಕಂಪ್ಯೂಟರು ಕಾಣುತ್ತದೆಯೆ? ಮೂರನೆಯದು ಅವಕಾಶ: ಫೋನು ಯಾರ ಕೈಗೆ ಹೋಗಿತ್ತು, ಯಾವ ಕಡತವನ್ನು ತೆರೆದಿರಿ? ಮೂರೂ ಒಂದೇ ಮಾತು ಹೇಳಿದರೆ ತಡಮಾಡಬೇಡಿ. ಮೊದಲು ಕಂಡದ್ದರ ಚಿತ್ರವನ್ನು ಬೇರೊಂದು ಫೋನಿನಿಂದ ತೆಗೆದಿಡಿ. ಅಳಿಸಿದರೆ ಸಾಕ್ಷ್ಯವೂ ಅಳಿಯುತ್ತದೆ. ಬೇರೆ ಸಾಧನದಿಂದ ಪಾಸ್‌ವರ್ಡುಗಳನ್ನು ಬದಲಿಸಿ, ಸೈಬರ್ ಪೋಲೀಸರಿಗೆ ದೂರು ಕೊಡಿ. ಹಣ ಹೋಗಿದ್ದರೆ ಕೂಡಲೆ ೧೯೩೦ಕ್ಕೆ ಕರೆಮಾಡಿ. ಮೋಸದಿಂದ ಅನ್ಯರ ಫೋನಿನೊಳಗೆ ಅನುಮತಿಯಿಲ್ಲದೆ ನುಗ್ಗುವುದಕ್ಕೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆಯುಂಟು. ನುಗ್ಗಿದವನು ಗಂಡನಾದರೂ ಅಷ್ಟೆ, ಹೆಂಡತಿಯಾದರೂ ಅಷ್ಟೆ.

ಮೂರು ಸಾಕ್ಷಿಗಳೂ ಕೂಡದಿದ್ದರೆ? ಫೋನಿಗೆ ಹೊಸ ಅಪ್‌ಡೇಟು ಹಾಕಿ, ಬೀಗವನ್ನು ಬದಲಿಸಿ, ಕಣ್ಣಿಟ್ಟಿರಿ. ಆದರೆ ಸೊಸೆಯ ಮೇಲೆ, ಬಾಡಿಗೆಯವರ ಮೇಲೆ, ರಿಪೇರಿ ಅಂಗಡಿಯ ಹುಡುಗನ ಮೇಲೆ ಬೆರಳು ತೋರಿಸಬೇಡಿ. ಕದ್ದು ಕೇಳುವವನು ಮನೆಯ ಮಾತನ್ನು ಒಯ್ಯುತ್ತಾನೆ; ಪರೀಕ್ಷೆಗೆ ನಿಲ್ಲದ ಗುಮಾನಿ ಮನೆಯ ಮಾತುಕತೆಯನ್ನೇ ನಿಲ್ಲಿಸಿಬಿಡುತ್ತದೆ.