ಸ್ಮಾರ್ಟ್ ಹೋಮ್ ಕಂಪನಿಯ ಒಡೆತನ ಬದಲಾದಾಗ ಗ್ರಾಹಕರು ತಿಳಿದಿರಬೇಕಾದ ವಿಷಯಗಳು

1. ಪೀಠಿಕೆ

ಬಾಗಿಲಿನ ಕ್ಯಾಮೆರಾ, ಮೊಬೈಲ್ ಮೂಲಕ ತೆರೆಯುವ ಬೀಗ, ಮಾತಿಗೆ ಉತ್ತರಿಸುವ ಸ್ಪೀಕರ್, ದೂರದಿಂದಲೇ ಆರಿಸಬಹುದಾದ ದೀಪ ಮುಂತಾದ ಉಪಕರಣಗಳನ್ನು ಸ್ಮಾರ್ಟ್ ಹೋಮ್ ಸಾಧನಗಳೆಂದು ಕರೆಯಲಾಗುತ್ತದೆ. ಇಂತಹ ಸಾಧನಗಳನ್ನು ತಯಾರಿಸುವ ಸಣ್ಣ ಕಂಪನಿಗಳನ್ನು ದೊಡ್ಡ ಕಂಪನಿಗಳು ಖರೀದಿಸಿರುವ ನಿದರ್ಶನಗಳು ಹಲವಾರು ಇವೆ. ಅಂತಹ ಸಂದರ್ಭದಲ್ಲಿ ಈಗಾಗಲೇ ಸಾಧನವನ್ನು ಖರೀದಿಸಿರುವ ಬಳಕೆದಾರರಿಗೆ ಉಂಟಾಗುವ ಆತಂಕಗಳು, ಅವುಗಳಿಗೆ ಇರುವ ಕಾರಣಗಳು ಮತ್ತು ಲಭ್ಯವಿರುವ ಪರಿಹಾರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ಸಾಮಾನ್ಯ ವಸ್ತುವಿಗೂ ಸ್ಮಾರ್ಟ್ ಸಾಧನಕ್ಕೂ ಇರುವ ವ್ಯತ್ಯಾಸ

ಮಿಕ್ಸಿ ತಯಾರಿಸಿದ ಕಂಪನಿಯನ್ನು ಯಾರು ಖರೀದಿಸಿದರೂ ಅಡುಗೆಮನೆಯಲ್ಲಿರುವ ಮಿಕ್ಸಿಯು ಎಂದಿನಂತೆ ಕೆಲಸ ಮಾಡುತ್ತದೆ. ಹಣ ಪಾವತಿಸಿದ ದಿನವೇ ಆ ವಸ್ತುವು ಸಂಪೂರ್ಣವಾಗಿ ಗ್ರಾಹಕರ ಸ್ವತ್ತಾಗಿರುತ್ತದೆ. ಆದರೆ ಸ್ಮಾರ್ಟ್ ಸಾಧನಗಳ ವಿಷಯದಲ್ಲಿ ಹೀಗಿರುವುದಿಲ್ಲ. ಬಹುತೇಕ ಸಾಧನಗಳು ಅಂತರಜಾಲದ ಮೂಲಕ ಕಂಪನಿಯ ಸರ್ವರ್‌ನೊಂದಿಗೆ ಸಂಪರ್ಕದಲ್ಲಿದ್ದರೆ ಮಾತ್ರ ಪೂರ್ಣವಾಗಿ ಕಾರ್ಯ ನಿರ್ವಹಿಸುತ್ತವೆ. ಸಾಧನವು ಗ್ರಾಹಕರ ಗೋಡೆಯ ಮೇಲಿದ್ದರೂ ಅದನ್ನು ನಡೆಸುವ ಸೇವೆ ಮತ್ತು ಅದು ಸಂಗ್ರಹಿಸಿದ ಮಾಹಿತಿಯು ಕಂಪನಿಯ ಬಳಿ ಇರುತ್ತವೆ.

ಅಂದರೆ ಗ್ರಾಹಕರು ವಸ್ತುವಿನೊಂದಿಗೆ ಒಂದು ಭರವಸೆಯನ್ನೂ ಖರೀದಿಸಿರುತ್ತಾರೆ. ಕಂಪನಿಯ ಒಡೆತನ ಬದಲಾದಾಗ ವಸ್ತುವು ಮನೆಯಲ್ಲಿಯೇ ಉಳಿಯುತ್ತದೆ. ಭರವಸೆಯನ್ನು ಪಾಲಿಸುವ ಹೊಣೆ ಮಾತ್ರ ಬೇರೆಯವರ ಕೈಗೆ ಹೋಗುತ್ತದೆ. ಬಳಕೆದಾರರ ಆತಂಕಗಳಿಗೆ ಇದೇ ಮೂಲ ಕಾರಣವಾಗಿರುತ್ತದೆ.

3. ನೆಸ್ಟ್ ಕಂಪನಿಯ ನಿದರ್ಶನ

ಅಮೆರಿಕದ ನೆಸ್ಟ್ ಲ್ಯಾಬ್ಸ್ ಕಂಪನಿಯನ್ನು ಆಪಲ್ ಕಂಪನಿಯಲ್ಲಿ ಸೇವೆ ಸಲ್ಲಿಸಿದ್ದ ಟೋನಿ ಫ್ಯಾಡೆಲ್ ಮತ್ತು ಮ್ಯಾಟ್ ರೋಜರ್ಸ್ ಅವರು 2010ರಲ್ಲಿ ಸ್ಥಾಪಿಸಿದರು. ಮನೆಯ ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಈ ಕಂಪನಿಯ ಮೊದಲ ಉತ್ಪನ್ನವಾಗಿದ್ದು, 2011ರಲ್ಲಿ 249 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದಿತು. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಮನೆ ಖಾಲಿ ಇರುತ್ತದೆ ಎಂಬುದನ್ನು ಗ್ರಹಿಸಿ ಉಷ್ಣತೆಯನ್ನು ಹೊಂದಿಸುವುದು ಇದರ ವೈಶಿಷ್ಟ್ಯ. 2014ರ ಜನವರಿ 13ರಂದು ಗೂಗಲ್ ಕಂಪನಿಯು ನೆಸ್ಟ್ ಅನ್ನು 320 ಕೋಟಿ ಡಾಲರ್‌ಗೆ ಖರೀದಿಸುವುದಾಗಿ ಪ್ರಕಟಿಸಿತು. ಆ ನಂತರದ ವರ್ಷಗಳಲ್ಲಿ ಬಳಕೆದಾರರು ಎದುರಿಸಿದ ವಿಷಯಗಳನ್ನು ಈ ಕೆಳಗಿನಂತೆ ನಾಲ್ಕು ಭಾಗಗಳಾಗಿ ವಿಂಗಡಿಸಬಹುದು.

ಅ) ಮಾಹಿತಿಯ ಬಳಕೆ: ಗೂಗಲ್‌ನ ಆದಾಯದ ಬಹುಪಾಲು ಜಾಹೀರಾತಿನಿಂದ ಬರುತ್ತದೆ. ಮನೆ ಯಾವಾಗ ಖಾಲಿ ಇರುತ್ತದೆ ಎಂಬ ಮಾಹಿತಿಯು ಜಾಹೀರಾತಿನ ಉದ್ದೇಶಕ್ಕೆ ಬಳಕೆಯಾಗಬಹುದೇ ಎಂಬುದು ಬಳಕೆದಾರರ ಮೊದಲ ಪ್ರಶ್ನೆಯಾಗಿತ್ತು. ಗ್ರಾಹಕರ ಮಾಹಿತಿಯನ್ನು ನೆಸ್ಟ್‌ನ ಉತ್ಪನ್ನ ಮತ್ತು ಸೇವೆಗಳನ್ನು ಒದಗಿಸಲು ಹಾಗೂ ಸುಧಾರಿಸಲು ಮಾತ್ರ ಬಳಸಲಾಗುವುದೆಂದು ನೆಸ್ಟ್ ಆಗ ತಿಳಿಸಿತು. ಆರಂಭದಲ್ಲಿ ಪ್ರತ್ಯೇಕವಾಗಿ ನಡೆಯುತ್ತಿದ್ದ ನೆಸ್ಟ್, 2018ರಲ್ಲಿ ಗೂಗಲ್‌ನ ಸಾಧನಗಳ ವಿಭಾಗದಲ್ಲಿ ವಿಲೀನವಾಯಿತು. 2019ರಲ್ಲಿ ಗೂಗಲ್ ತನ್ನ ಬದ್ಧತೆಗಳನ್ನು ಪ್ರಕಟಿಸಿ, ಕ್ಯಾಮೆರಾದ ದೃಶ್ಯ, ಧ್ವನಿಮುದ್ರಣ ಮತ್ತು ಮನೆಯೊಳಗಿನ ಸಂವೇದಕಗಳ ಮಾಹಿತಿಯನ್ನು ಜಾಹೀರಾತಿನಿಂದ ಪ್ರತ್ಯೇಕವಾಗಿ ಇಡುವುದಾಗಿಯೂ, ಆದರೆ ಧ್ವನಿ ಸಹಾಯಕದೊಂದಿಗೆ ನಡೆಸಿದ ಸಂಭಾಷಣೆಯನ್ನು ಜಾಹೀರಾತಿಗೆ ಬಳಸಬಹುದಾಗಿಯೂ ತಿಳಿಸಿತು. ಮೊದಲ ಭರವಸೆ ಮತ್ತು ನಂತರದ ಭರವಸೆಯ ನಡುವಿನ ಈ ಅಂತರವನ್ನು ಗಮನಿಸಬೇಕು.

ಆ) ಸೇವೆಯ ಸ್ಥಗಿತ: 2014ರ ಅಕ್ಟೋಬರ್‌ನಲ್ಲಿ ನೆಸ್ಟ್, ರಿವಾಲ್ವ್ ಎಂಬ ಚಿಕ್ಕ ಕಂಪನಿಯನ್ನು ಖರೀದಿಸಿತು. ಬೇರೆ ಬೇರೆ ಕಂಪನಿಗಳ ದೀಪ, ಬೀಗ ಇತ್ಯಾದಿಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ರಿವಾಲ್ವ್ ಪೆಟ್ಟಿಗೆಯ ಬೆಲೆ 299 ಡಾಲರ್ ಆಗಿದ್ದು, ಅದರಲ್ಲಿ ಜೀವಮಾನದ ಚಂದಾ ಸಹ ಒಳಗೊಂಡಿತ್ತು. ಸ್ವಾಧೀನದ ಬೆನ್ನಲ್ಲೇ ಮಾರಾಟ ನಿಂತಿತು. 2016ರ ಮೇ 15ರಂದು ಸರ್ವರ್ ಸೇವೆಯನ್ನೂ ನಿಲ್ಲಿಸಲಾಯಿತು. ಪೆಟ್ಟಿಗೆಯಲ್ಲಿ ಯಾವುದೇ ದೋಷವಿಲ್ಲದಿದ್ದರೂ ಅದು ನಿರುಪಯುಕ್ತವಾಯಿತು. ‘ಜೀವಮಾನ’ ಎಂದರೆ ಗ್ರಾಹಕರ ಜೀವಮಾನವೂ ಅಲ್ಲ, ಸಾಧನದ ಜೀವಮಾನವೂ ಅಲ್ಲ, ಕಂಪನಿ ಇಚ್ಛಿಸಿದಷ್ಟು ಕಾಲ ಮಾತ್ರ ಎಂಬುದು ಖರೀದಿಸಿದವರಿಗೆ ಆಗ ತಿಳಿಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ವಿಚಾರಣೆ ನಡೆಸಿತು. ಮಾರಾಟವಾದ ಪೆಟ್ಟಿಗೆಗಳ ಸಂಖ್ಯೆ ಕಡಿಮೆ ಇದ್ದುದು ಹಾಗೂ ಗ್ರಾಹಕರಿಗೆ ಹಣ ಹಿಂದಿರುಗಿಸುವ ವ್ಯವಸ್ಥೆ ಮಾಡಿದ್ದು ಮುಂತಾದ ಅಂಶಗಳನ್ನು ಪರಿಗಣಿಸಿ 2016ರ ಜುಲೈನಲ್ಲಿ ಕ್ರಮ ಕೈಗೊಳ್ಳದೆ ವಿಚಾರಣೆಯನ್ನು ಮುಕ್ತಾಯಗೊಳಿಸಿತು. ಗ್ರಾಹಕರು ಧ್ವನಿ ಎತ್ತಿದ ನಂತರವೇ ಹಣ ಹಿಂದಿರುಗಿಸುವ ಮಾತು ಬಂದಿತೆಂಬುದು ಇಲ್ಲಿ ಉಲ್ಲೇಖನೀಯ.

ಇ) ತಿಳಿಸದೇ ಇದ್ದ ಭಾಗಗಳು: 2017ರಲ್ಲಿ ಮಾರಾಟಕ್ಕೆ ಬಂದ ನೆಸ್ಟ್ ಸೆಕ್ಯೂರ್ ಎಂಬ ಭದ್ರತಾ ಸಾಧನದಲ್ಲಿ ಮೈಕ್ರೊಫೋನ್ ಇರುವ ಸಂಗತಿಯು 2019ರ ಫೆಬ್ರವರಿಯಲ್ಲಿ ಧ್ವನಿ ಸಹಾಯಕ ಸೌಲಭ್ಯವನ್ನು ಸೇರಿಸುವ ಸಂದರ್ಭದಲ್ಲಿ ಬಹಿರಂಗವಾಯಿತು. ಉತ್ಪನ್ನದ ವಿವರಗಳಲ್ಲಿ ಇದನ್ನು ನಮೂದಿಸಿರಲಿಲ್ಲ. ಇದು ಕಣ್ತಪ್ಪಿನಿಂದ ಆಗಿದ್ದು, ಮೈಕ್ರೊಫೋನ್ ಅನ್ನು ಅದುವರೆಗೆ ಚಾಲನೆಗೊಳಿಸಿರಲಿಲ್ಲವೆಂದು ಗೂಗಲ್ ಸ್ಪಷ್ಟೀಕರಣ ನೀಡಿತು.

ಈ) ಖಾತೆ ಮತ್ತು ಹೊಂದಾಣಿಕೆ: ಇತರೆ ಕಂಪನಿಗಳ ಸಾಧನಗಳನ್ನು ನೆಸ್ಟ್‌ಗೆ ಜೋಡಿಸುವ ‘ವರ್ಕ್ಸ್ ವಿತ್ ನೆಸ್ಟ್’ ವ್ಯವಸ್ಥೆಯಲ್ಲಿ 2019ರ ಆಗಸ್ಟ್ 31ರ ನಂತರ ಹೊಸ ಜೋಡಣೆಗೆ ಅವಕಾಶವಿರಲಿಲ್ಲ. ಹೊಸ ಬಳಕೆದಾರರು ಗೂಗಲ್ ಖಾತೆಯನ್ನೇ ಹೊಂದಬೇಕಾಯಿತು. ನೆಸ್ಟ್ 2014ರಲ್ಲಿ 55.5 ಕೋಟಿ ಡಾಲರ್‌ಗೆ ಖರೀದಿಸಿದ್ದ ಡ್ರಾಪ್‌ಕ್ಯಾಮ್ ಕಂಪನಿಯ ಕ್ಯಾಮೆರಾಗಳು ಹಾಗೂ ಮೇಲೆ ತಿಳಿಸಿದ ನೆಸ್ಟ್ ಸೆಕ್ಯೂರ್ ಸಾಧನದ ಸೇವೆಯು 2024ರ ಏಪ್ರಿಲ್ 8ರಂದು ಕೊನೆಗೊಂಡಿತು. ಮೊದಲ ಎರಡು ಪೀಳಿಗೆಯ ಥರ್ಮೋಸ್ಟಾಟ್‌ಗಳಿಗೆ 2025ರ ಅಕ್ಟೋಬರ್ 25ರಂದು ಬೆಂಬಲ ನಿಂತಿತು. ಮೊಬೈಲ್‌ನಿಂದ ನಿಯಂತ್ರಿಸಲು ಸಾಧ್ಯವಿಲ್ಲವಾದರೂ ಗೋಡೆಯ ಮೇಲೆ ಕೈಯಿಂದ ತಿರುಗಿಸಿ ಬಳಸಬಹುದಾಗಿದೆ. ಸರ್ವರ್ ನಿಂತಾಗ ರಿವಾಲ್ವ್ ಪೆಟ್ಟಿಗೆ ಸಂಪೂರ್ಣವಾಗಿ ನಿಂತಿತು, ಥರ್ಮೋಸ್ಟಾಟ್ ಭಾಗಶಃ ಉಳಿಯಿತು. ಖರೀದಿಗೆ ಮೊದಲು ಪರಿಶೀಲಿಸಬೇಕಾದ ಬಹು ಮುಖ್ಯ ವ್ಯತ್ಯಾಸ ಇದಾಗಿದೆ.

4. ಇತರೆ ನಿದರ್ಶನಗಳು

ಅಮೆಜಾನ್ ಕಂಪನಿಯು 2018ರಲ್ಲಿ ಬಾಗಿಲಿನ ಕ್ಯಾಮೆರಾ ತಯಾರಿಸುವ ರಿಂಗ್ ಕಂಪನಿಯನ್ನು ಖರೀದಿಸಿತು. ರಿಂಗ್‌ನ ನೌಕರರು ಮತ್ತು ಗುತ್ತಿಗೆದಾರರಿಗೆ ಗ್ರಾಹಕರ ಖಾಸಗಿ ದೃಶ್ಯಗಳನ್ನು ವೀಕ್ಷಿಸಲು ಅವಕಾಶವಿತ್ತೆಂಬ ಆರೋಪದ ಮೇಲೆ 2023ರ ಮೇ ತಿಂಗಳಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಜರುಗಿಸಿದ್ದು, 58 ಲಕ್ಷ ಡಾಲರ್ ಪಾವತಿಸಲು ರಿಂಗ್ ಒಪ್ಪಿತು. ಸಣ್ಣ ಕಂಪನಿಯ ಹಿಂದಿನ ಲೋಪಗಳೂ ಖರೀದಿದಾರರ ಬಳಿಗೆ ಬರುತ್ತವೆ ಎಂಬುದು ಇದರಿಂದ ತಿಳಿದುಬರುತ್ತದೆ.

ನೆಲ ಗುಡಿಸುವ ಯಂತ್ರಗಳನ್ನು ತಯಾರಿಸುವ ಐರೋಬಾಟ್ ಕಂಪನಿಯನ್ನು ಖರೀದಿಸುವುದಾಗಿ ಅಮೆಜಾನ್ 2022ರ ಆಗಸ್ಟ್‌ನಲ್ಲಿ ಪ್ರಕಟಿಸಿತ್ತು. ಈ ಯಂತ್ರಗಳು ಮನೆಯ ಕೋಣೆಗಳ ನಕ್ಷೆಯನ್ನು ಸಿದ್ಧಪಡಿಸಿಕೊಳ್ಳುತ್ತವೆ. ಐರೋಪ್ಯ ಒಕ್ಕೂಟದ ಆಕ್ಷೇಪಣೆಯ ಹಿನ್ನೆಲೆಯಲ್ಲಿ 2024ರ ಜನವರಿಯಲ್ಲಿ ಈ ವ್ಯವಹಾರವನ್ನು ಕೈಬಿಡಲಾಯಿತು. ಆದರೆ ಐರೋಬಾಟ್ 2025ರ ಡಿಸೆಂಬರ್‌ನಲ್ಲಿ ದಿವಾಳಿ ಕಾನೂನಿನಡಿ ನ್ಯಾಯಾಲಯದ ಮೊರೆ ಹೋಯಿತು. ಸ್ವಾಧೀನ ನಡೆಯದೇ ಇದ್ದ ಮಾತ್ರಕ್ಕೆ ಬಳಕೆದಾರರ ಆತಂಕ ನಿವಾರಣೆಯಾಗುವುದಿಲ್ಲ. ಸಣ್ಣ ಕಂಪನಿಯು ಆರ್ಥಿಕವಾಗಿ ಕುಸಿದರೂ ಸೇವೆ ಮತ್ತು ಮಾಹಿತಿಯ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ದೊಡ್ಡ ಕಂಪನಿಯ ಬಂಡವಾಳದಿಂದ ಭದ್ರತಾ ವ್ಯವಸ್ಥೆ ಉತ್ತಮಗೊಳ್ಳುವ ಸಾಧ್ಯತೆಯೂ ಇರುತ್ತದೆ.

5. ಸ್ವಾಧೀನದ ವಿಧಗಳು

ಕಂಪನಿಯ ಖರೀದಿಯು ಸಾಮಾನ್ಯವಾಗಿ ಎರಡು ರೀತಿಯಲ್ಲಿ ನಡೆಯುತ್ತದೆ.

(i) ಷೇರುಗಳ ಖರೀದಿ: ಇದರಲ್ಲಿ ಷೇರುದಾರರು ಮಾತ್ರ ಬದಲಾಗುತ್ತಾರೆ. ಕಂಪನಿಯು ಅದೇ ಕಾನೂನುಬದ್ಧ ವ್ಯಕ್ತಿಯಾಗಿ ಮುಂದುವರಿಯುವುದರಿಂದ ಗ್ರಾಹಕರೊಂದಿಗಿನ ಕರಾರು ಮತ್ತು ವಾರಂಟಿಯ ಹೊಣೆಯೂ ಮುಂದುವರಿಯುತ್ತದೆ.

(ii) ಆಸ್ತಿಗಳ ಖರೀದಿ: ಇದರಲ್ಲಿ ಬ್ರ್ಯಾಂಡ್, ತಂತ್ರಾಂಶ, ಗ್ರಾಹಕರ ಪಟ್ಟಿ ಮುಂತಾದವುಗಳನ್ನು ಆಯ್ದು ಖರೀದಿಸಲಾಗುತ್ತದೆ. ಹಳೆಯ ಹೊಣೆಗಾರಿಕೆಗಳು ಯಾರಿಗೆ ಸೇರುತ್ತವೆ ಎಂಬುದು ಒಪ್ಪಂದದ ಷರತ್ತುಗಳನ್ನು ಅವಲಂಬಿಸಿರುತ್ತದೆ.

ಆದುದರಿಂದ ಸ್ವಾಧೀನದ ಸುದ್ದಿ ಬಂದಾಗ “ವಾರಂಟಿಯ ಹೊಣೆ ಇನ್ನು ಮುಂದೆ ಯಾರದು?” ಎಂದು ಕಂಪನಿಯನ್ನು ಲಿಖಿತವಾಗಿ ಕೇಳುವುದು ಸೂಕ್ತ.

6. ಭಾರತದಲ್ಲಿ ಅನ್ವಯವಾಗುವ ಕಾನೂನುಗಳು

• ಗ್ರಾಹಕ ಸಂರಕ್ಷಣಾ ಅಧಿನಿಯಮ, 2019: ಗ್ರಾಹಕರ ಒಪ್ಪಿಗೆ ಇಲ್ಲದೆ ಅವರಿಗೆ ಹಾನಿಯಾಗುವಂತೆ ಕರಾರನ್ನು ಬೇರೆಯವರಿಗೆ ವಹಿಸಿಕೊಡಲು ಅವಕಾಶ ನೀಡುವ ಷರತ್ತು ಮತ್ತು ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಕೊನೆಗೊಳಿಸುವ ಷರತ್ತು, ಗ್ರಾಹಕರ ಹಕ್ಕುಗಳಲ್ಲಿ ಗಣನೀಯ ಬದಲಾವಣೆ ಉಂಟುಮಾಡಿದಲ್ಲಿ, ‘ನ್ಯಾಯಸಮ್ಮತವಲ್ಲದ ಕರಾರು’ ಎಂಬ ವ್ಯಾಖ್ಯೆಯಡಿ ಬರುತ್ತದೆ. ವಿಶ್ವಾಸದಿಂದ ನೀಡಿದ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಅನುಸಾರವಲ್ಲದೆ ಇತರರಿಗೆ ಬಹಿರಂಗಪಡಿಸುವುದು ‘ಅನುಚಿತ ವ್ಯಾಪಾರ ಪದ್ಧತಿ’ ಆಗಿರುತ್ತದೆ.

• ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023: ನೀಡಿದ ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿಯನ್ನು ತಿದ್ದುವ ಮತ್ತು ಅಳಿಸುವಂತೆ ಕೋರುವ ಹಕ್ಕುಗಳನ್ನು ಈ ಅಧಿನಿಯಮವು ಕಲ್ಪಿಸುತ್ತದೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಕಂಪನಿಗಳ ಪ್ರಮುಖ ಬಾಧ್ಯತೆಗಳು ಅಧಿಸೂಚನೆಯಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ನ್ಯಾಯಾಲಯ, ನ್ಯಾಯಮಂಡಳಿ ಅಥವಾ ಸಕ್ಷಮ ಪ್ರಾಧಿಕಾರ ಅನುಮೋದಿಸಿದ ವಿಲೀನಕ್ಕೆ ಅವಶ್ಯವಿರುವ ದತ್ತಾಂಶ ಸಂಸ್ಕರಣೆಗೆ ಒಪ್ಪಿಗೆ ಮುಂತಾದ ಹಲವು ಉಪಬಂಧಗಳಿಂದ ವಿನಾಯಿತಿ ಇರುತ್ತದೆ. ಆದರೆ ಮಾಹಿತಿಯನ್ನು ಸುರಕ್ಷಿತವಾಗಿಡುವ ಹೊಣೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

• ಸ್ಪರ್ಧಾ ಅಧಿನಿಯಮ, 2002: 2024ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ವ್ಯವಹಾರದ ಮೌಲ್ಯವು 2,000 ಕೋಟಿ ರೂ. ಮೀರಿದ್ದು, ಖರೀದಿಯಾಗುವ ಕಂಪನಿಗೆ ಭಾರತದಲ್ಲಿ ಗಣನೀಯ ವಹಿವಾಟು ಇದ್ದಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಮುಂಚಿತವಾಗಿ ತಿಳಿಸುವುದು ಕಡ್ಡಾಯ.

7. ಗ್ರಾಹಕರು ವಹಿಸಬೇಕಾದ ಎಚ್ಚರಿಕೆಗಳು

ಖರೀದಿಗೆ ಮೊದಲು:
(1) ಅಂತರಜಾಲ ಸಂಪರ್ಕ ಇಲ್ಲದಿದ್ದರೆ ಸಾಧನವು ಯಾವ ಕೆಲಸಗಳನ್ನು ಮಾಡುತ್ತದೆ ಎಂಬುದನ್ನು ವಿಚಾರಿಸಬೇಕು. ವಿಶೇಷವಾಗಿ ಬೀಗಗಳಿಗೆ ಕೈಯಿಂದ ತೆರೆಯುವ ಕೀಲಿ ಇರಬೇಕು.
(2) ತಂತ್ರಾಂಶದ ಬೆಂಬಲ ಯಾವ ವರ್ಷದವರೆಗೆ ಎಂಬುದನ್ನು ಪರಿಶೀಲಿಸಬೇಕು. ‘ಜೀವಮಾನ’ ಎಂಬ ಪದವನ್ನು ಬಳಸಿದ್ದಲ್ಲಿ ಅದರ ಅರ್ಥವನ್ನು ಷರತ್ತುಗಳಲ್ಲಿ ಓದಿಕೊಳ್ಳಬೇಕು.
(3) ಬಿಲ್ಲು, ವಾರಂಟಿ ಕಾರ್ಡು, ಜಾಹೀರಾತು ಮತ್ತು ಪೆಟ್ಟಿಗೆಯನ್ನು ಕಾಯ್ದಿರಿಸಬೇಕು. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಮತ್ತು ದೂರಿಗಾಗಿ ಸಂಪರ್ಕ ವಿವರ ಪೆಟ್ಟಿಗೆಯ ಮೇಲೆ ಇರುತ್ತದೆ. ಕಂಪನಿ ಹೊರದೇಶದ್ದಾದಾಗ ಈ ವಿವರವು ಬಹಳ ಉಪಯುಕ್ತ.

ಸ್ವಾಧೀನದ ಸುದ್ದಿ ತಿಳಿದ ನಂತರ:
(1) ಅಂದಿನ ದಿನಾಂಕದಲ್ಲಿ ಜಾರಿಯಲ್ಲಿರುವ ಖಾಸಗಿತನ ನೀತಿ ಮತ್ತು ಷರತ್ತುಗಳ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಹೊಸ ನೀತಿ ಬಂದ ನಂತರ ಹಳೆಯ ಪ್ರತಿ ದೊರೆಯದೇ ಹೋಗಬಹುದು.
(2) ಅವಶ್ಯವಿರುವ ದೃಶ್ಯ ಮತ್ತು ದಾಖಲೆಗಳನ್ನು ಸ್ವಂತ ಸಂಗ್ರಹಕ್ಕೆ ಇಳಿಸಿಕೊಂಡು, ಅನಗತ್ಯವಾದವುಗಳನ್ನು ಅಳಿಸಬೇಕು.
(3) ಹೊಸ ಷರತ್ತುಗಳಿಗೆ “ಒಪ್ಪಿದ್ದೇನೆ” ಎಂದು ಒತ್ತುವ ಮೊದಲು ಬದಲಾವಣೆಗಳನ್ನು ಓದಬೇಕು.
(4) ಮನೆಯಲ್ಲಿರುವ ವೃದ್ಧರಿಗೂ ಬಾಡಿಗೆದಾರರಿಗೂ ವಿಷಯವನ್ನು ತಿಳಿಸಬೇಕು. ಖಾತೆ ಒಬ್ಬರ ಹೆಸರಿನಲ್ಲಿದ್ದರೂ ದೃಶ್ಯ ಮತ್ತು ಧ್ವನಿಯು ಮನೆಯವರೆಲ್ಲರದೂ ಆಗಿರುತ್ತದೆ.
(5) ಸಾಧನವನ್ನು ಮಾರುವಾಗ ಅಥವಾ ತ್ಯಜಿಸುವಾಗ ಖಾತೆಯಿಂದ ಅದನ್ನು ತೆಗೆದುಹಾಕಿ, ಮೂಲಸ್ಥಿತಿಗೆ ತರಬೇಕು.

8. ದೂರು ಸಲ್ಲಿಸುವ ವಿಧಾನ

ಮೊದಲಿಗೆ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಲಿಖಿತ ದೂರು ಸಲ್ಲಿಸಿ, ಸ್ವೀಕೃತಿ ಸಂಖ್ಯೆಯನ್ನು ಪಡೆಯಬೇಕು. ಆನ್‌ಲೈನ್ ಮಾರಾಟ ಸಂಸ್ಥೆಯಿಂದ ಖರೀದಿಸಿದ್ದಲ್ಲಿ, 2020ರ ಇ-ವಾಣಿಜ್ಯ ನಿಯಮಗಳಂತೆ ಅದರ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಲ್ಲಿ ಕನ್ನಡದಲ್ಲಿಯೂ ದೂರು ದಾಖಲಿಸಬಹುದು. ನಂತರವೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ನೇರವಾಗಿ ಅಥವಾ ಇ-ಜಾಗೃತಿ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ಗಮನಿಸಬೇಕಾದ ಅಂಶಗಳು:

• ಪಾವತಿಸಿದ ಹಣ 50 ಲಕ್ಷ ರೂ.ಗಳವರೆಗೆ ಇದ್ದಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬೇಕು. 5 ಲಕ್ಷ ರೂ.ಗಳವರೆಗೆ ಯಾವುದೇ ಶುಲ್ಕ ಇರುವುದಿಲ್ಲ.
• ಗ್ರಾಹಕರು ವಾಸಿಸುವ ಅಥವಾ ದುಡಿಯುವ ಸ್ಥಳದ ವ್ಯಾಪ್ತಿಯಲ್ಲಿಯೇ ದೂರು ಸಲ್ಲಿಸಬಹುದು. ಕಂಪನಿ ಇರುವ ಊರಿಗೆ ಹೋಗಬೇಕಾಗಿಲ್ಲ.
• ದೂರಿಗೆ ಕಾರಣ ಉಂಟಾದ ದಿನಾಂಕದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.
• ನ್ಯಾಯಸಮ್ಮತವಲ್ಲದ ಕರಾರಿನ ವಿರುದ್ಧದ ದೂರನ್ನು ರಾಜ್ಯ ಆಯೋಗದ ಮುಂದೆ ಸಲ್ಲಿಸಬೇಕು.
• ಲಗತ್ತಿಸಬೇಕಾದ ದಾಖಲೆಗಳು: ಬಿಲ್ಲು, ವಾರಂಟಿ ಕಾರ್ಡು, ಹಳೆಯ ಮತ್ತು ಹೊಸ ಷರತ್ತುಗಳ ಪ್ರತಿ, ಸೇವೆ ಸ್ಥಗಿತದ ಸೂಚನೆ, ಕಂಪನಿಯೊಂದಿಗಿನ ಪತ್ರ ವ್ಯವಹಾರ.

9. ಸಾರಾಂಶ

ಕಂಪನಿಗಳ ಖರೀದಿ ಮತ್ತು ಮಾರಾಟವನ್ನು ಗ್ರಾಹಕರು ತಡೆಯಲು ಸಾಧ್ಯವಿಲ್ಲ. ಆದರೆ ಖರೀದಿಯ ದಿನ ಕಂಪನಿಯು ಏನು ಹೇಳಿತ್ತು ಎಂಬುದಕ್ಕೆ ಲಿಖಿತ ಆಧಾರ ಇಟ್ಟುಕೊಳ್ಳಲು ಸಾಧ್ಯವಿದೆ. ಒಡೆಯರು ಬದಲಾದಾಗ ಬಾಯಿಮಾತಿನ ಭರವಸೆಯನ್ನು ಕೇಳುವವರು ಇರುವುದಿಲ್ಲ. ಬಿಲ್ಲು ಮತ್ತು ಷರತ್ತುಗಳ ಪ್ರತಿ ಮಾತ್ರ ಆಯೋಗದ ಮುಂದೆ ನಿಲ್ಲುತ್ತದೆ. ಆದುದರಿಂದ ಸಾರ್ವಜನಿಕರು ಸಾಧನದ ಬೆಲೆಯನ್ನು ವಿಚಾರಿಸುವಷ್ಟೇ ಕಾಳಜಿಯಿಂದ ಅದರ ಸೇವೆಯ ಅವಧಿ ಮತ್ತು ಮಾಹಿತಿಯ ಬಳಕೆಯನ್ನೂ ವಿಚಾರಿಸಿ, ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.