ಫ್ಲೆಕ್ಸ್ ಚಿತ್ರ, ಮದುವೆ ಫೋಟೊ, ಹೋಟೆಲ್ ಹಾಡು: ಕಾಪಿರೈಟ್ ಯಾವುದಕ್ಕಿದೆ, ಯಾವುದಕ್ಕಿಲ್ಲ?

ಗೂಗಲ್‌ನಲ್ಲಿ ಸಿಕ್ಕ ಚಿತ್ರವನ್ನು ಅಂಗಡಿ ಫ್ಲೆಕ್ಸ್‌ಗೆ ಹಾಕಿಸುವುದು ಎಲ್ಲ ಕಡೆ ಮಾಮೂಲು. ಆದರೆ ‘ನೆಟ್‌ನಲ್ಲಿತ್ತು, ತಗೊಂಡೆ’ ಅನ್ನೋ ಮಾತು ಕಾನೂನಿನ ಮುಂದೆ ನಡೆಯಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ, ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ಮಾತ್ರ ಕೋರ್ಟ್ ಶಿಕ್ಷೆ ಕಡಿಮೆ ಮಾಡಬಹುದು.

ಯಾವುದಕ್ಕಿದೆ?
ಬರಹ, ಸಂಗೀತ, ಚಿತ್ರ, ಫೋಟೊ, ಸಿನಿಮಾ, ಧ್ವನಿಮುದ್ರಣ, ಕಂಪ್ಯೂಟರ್ ಪ್ರೋಗ್ರಾಂ. ನೋಂದಣಿ ಕಡ್ಡಾಯವಲ್ಲ. ಬರೆದ, ತೆಗೆದ ಕ್ಷಣದಿಂದಲೇ ಹಕ್ಕು ಬರುತ್ತದೆ. ಫೋಟೊ ಮೇಲೆ ಯಾರ ಹೆಸರೂ ಇಲ್ಲ ಅಂದ ಮಾತ್ರಕ್ಕೆ ಅದು ಎಲ್ಲರದ್ದೂ ಆಗಲ್ಲ.

ಯಾವುದಕ್ಕಿಲ್ಲ?
ಬರೀ ಐಡಿಯಾಕ್ಕೆ ಇಲ್ಲ. ಪಕ್ಕದವರು ‘ಎರಡು ಕೊಂಡರೆ ಒಂದು ಉಚಿತ’ ಅಂದರೆ ನೀವೂ ಅನ್ನಬಹುದು. ಅವರ ಪಾಂಪ್ಲೆಟ್ ಡಿಸೈನ್ ಎತ್ತುವಂತಿಲ್ಲ. ಅಡುಗೆ ಮಾಡುವ ವಿಧಾನಕ್ಕೆ ಇಲ್ಲ, ಅಡುಗೆ ಪುಸ್ತಕದ ಬರಹಕ್ಕೆ ಇದೆ. ಸುದ್ದಿಯ ಸಂಗತಿಗೆ ಇಲ್ಲ, ವರದಿಯ ವಾಕ್ಯಗಳಿಗೆ ಇದೆ. ಅಂಗಡಿ ಹೆಸರು ಕಾಪಿರೈಟ್‌ಗೆ ಬರಲ್ಲ, ಅದಕ್ಕೆ ಟ್ರೇಡ್‌ಮಾರ್ಕ್ ನೋಡಬೇಕು.

ಎಷ್ಟು ವರ್ಷ?
ಬರಹಕ್ಕೆ ಲೇಖಕರ ಜೀವಿತಾವಧಿ, ನಂತರ 60 ವರ್ಷ. ದ.ರಾ. ಬೇಂದ್ರೆ 1981ರಲ್ಲಿ ತೀರಿಕೊಂಡರು. ಅವರ ಕವನಗಳ ಹಕ್ಕು 2041ರ ಕೊನೆವರೆಗೂ ಇರುತ್ತದೆ. ಬಸವಣ್ಣನವರ ವಚನ, ಪುರಂದರದಾಸರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಇಂದಿನ ಗಾಯಕರು ಹಾಡಿದ ಸಿಡಿಗೆ ಬೇರೆ ಹಕ್ಕಿದೆ.

ಮದುವೆ ಫೋಟೊ ಯಾರದ್ದು?
ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರದ್ದು. ವಿಡಿಯೊಗೂ ಇದೇ ಲೆಕ್ಕ. ನಿಮ್ಮ ಮಗಳ ಮದುವೆ ಫೋಟೊವನ್ನು ಸ್ಟುಡಿಯೊದವರು ಜಾಹೀರಾತಿಗೆ ಬಳಸಬೇಕಾದರೆ ನಿಮ್ಮನ್ನು ಕೇಳಬೇಕು. ಆರ್ಡರ್ ಫಾರಂನಲ್ಲಿ ಏನು ಬರೆದಿದೆ ಅಂತ ಸಹಿಗೆ ಮುಂಚೆ ಓದಿ.

ಹಾಡು ಹಾಕಿದರೆ?
ಮದುವೆ, ಮದುವೆ ಮೆರವಣಿಗೆ, ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕಲು ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಹೋಟೆಲ್, ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗಾಗಿ ಸಿನಿಮಾ ಹಾಡು ಹಾಕಲು ಲೈಸೆನ್ಸ್ ಬೇಕು. ಮೊಬೈಲ್ ಆ್ಯಪ್‌ಗೆ ತಿಂಗಳ ದುಡ್ಡು ಕಟ್ಟಿದ್ದೀನಿ ಅಂದರೆ ಸಾಲದು, ಅದು ಮನೆ ಬಳಕೆಗೆ.

ಲೋಗೊ ಮಾಡಿಸುವವರಿಗೆ
ಹೊರಗಿನ ಡಿಸೈನರ್‌ಗೆ ದುಡ್ಡು ಕೊಟ್ಟರೂ ಲೋಗೊದ ಹಕ್ಕು ತಾನಾಗಿ ನಿಮ್ಮದಾಗಲ್ಲ. ಬರಹದಲ್ಲಿ ಸಹಿ ಹಾಕಿಸಿಕೊಳ್ಳಿ, ಅವಧಿಯನ್ನೂ ನಮೂದಿಸಿ. ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತಲೇ ಲೆಕ್ಕ ಹಾಕುತ್ತದೆ. ಅಂಗಡಿ ಬೋರ್ಡಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ಒಂದು ಹಾಳೆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.